ಕಲಿಯುಗದಿಂದ ನಡಕೊಂಡು ಬಂದ ಲೆಕ್ಕ

ಆದೋನಿಯ ನೂಲಿನ ಗಿರಣಿಯೊಂದರ ಆಫೀಸಿಗೆ ಕಂಪ್ಯೂಟರ್ ಆಪರೇಟರ್ ಆಗಿ ಸೇರಿದಾಗ ನನ್ನ ಹತ್ತಿರ ಎರಡು ವಿದ್ಯೆಗಳಿದ್ದವು. ಒಂದು, ಬಳ್ಳಾರಿಯಲ್ಲಿ ಆರು ತಿಂಗಳು ಕೂತು ಕಲಿತ ಕಂಪ್ಯೂಟರ್. ಇನ್ನೊಂದು, ಯಾರದೇ ದನಿಯನ್ನು ಅರ್ಧ ತಾಸು ಕೇಳಿದರೆ ಸಾಕು, ಹಾಗೇ ತೆಗೆದು ಒಪ್ಪಿಸುವುದು. ಮೊದಲನೆಯದಕ್ಕೆ ಸರ್ಟಿಫಿಕೇಟು ಸಿಕ್ಕಿತ್ತು. ಎರಡನೆಯದಕ್ಕೆ ಸಣ್ಣವನಿದ್ದಾಗಿನಿಂದಲೂ ಬೆನ್ನಿಗೆ ಗುದ್ದು ಸಿಗುತ್ತಾ ಬಂದಿದ್ದವು.

ಗಿರಣಿಯಲ್ಲಿ ನಾನು ಬಿಟ್ಟವರಿಲ್ಲ. ಮ್ಯಾನೇಜರು ಬಾಗಿಲು ತಳ್ಳಿಕೊಂಡು ಬಂದು ಮೂಗಿನಲ್ಲೇ "ಏಮಯ್ಯಾ, ಮಷೀನು ಮಳ್ಳೀ ಪಡುಕುಂದಾ?" ಎಂದು ತೆಲುಗಿನಲ್ಲಿ ಕೇಳುತ್ತಿದ್ದರು, ಮಷೀನು ಮತ್ತೆ ಮಲಗಿತಾ ಅಂತ. ಅವರು ಹೊರಗೆ ಹೋಗಿ ಬಾಗಿಲು ಮುಚ್ಚುವುದರೊಳಗೆ ಅದೇ ಮಾತು ಅದೇ ಮೂಗಿನಿಂದ ನನ್ನ ಕುರ್ಚಿಯಲ್ಲಿ ಬಂದಿರುತ್ತಿತ್ತು. ಗೇಟಿನ ಸಾಬರು ನನ್ನ ಸೈಕಲ್ ನೋಡಿ "ಆಗಯಾ ನವಾಬ್" ಅನ್ನುವುದನ್ನು ನಾನು ಅವರಿಗೇ ವಾಪಸ್ಸು ಕೊಡುತ್ತಿದ್ದೆ. ನನ್ನನ್ನೂ ನಾನು ಬಿಟ್ಟಿಲ್ಲ. ಮ್ಯಾನೇಜರ ಮುಂದೆ ನಿಂತಾಗ ನನ್ನ ದನಿ ಗೂಟಕ್ಕೆ ಕಟ್ಟಿದ ಮೇಕೆಮರಿಯದಾಗುತ್ತದೆ. ಅದನ್ನು ತೆಗೆದು ತೋರಿಸಿದಷ್ಟು ಚಪ್ಪಾಳೆ ನನಗೆ ಬೇರೆ ಯಾವುದಕ್ಕೂ ಬಿದ್ದಿಲ್ಲ.

ಆದರೆ ಎಲ್ಲರಿಗಿಂತ ಹೆಚ್ಚು ನಾನು ತೆಗೆಯುತ್ತಿದ್ದದ್ದು ಆಚಾರ್ಯರ ದನಿ.

ಆಚಾರ್ಯರು ಮಷೀನಿನ ಕೋಣೆಗೆ ಹಿರಿಯರು. ವೈಷ್ಣವರು, ತಲೆಮಾರುಗಳಿಂದ ಪಂಚಾಂಗ ಕಟ್ಟುವ ಮನೆತನದವರು. ಮೊದಲು ಹೆಡ್ ಕ್ಲಾರ್ಕ್ ಆಗಿದ್ದರಂತೆ. ಕಂಪ್ಯೂಟರ್ ಬಂದಾಗ ಗಣಿತ ಗಟ್ಟಿ ಇರುವವರು ಯಾರು ಎಂದು ಹುಡುಕಿ ಕಂಪನಿಯವರು ಇವರನ್ನು ಹೈದರಾಬಾದಿಗೆ ಮೂರು ವಾರ ಕಳಿಸಿದ್ದರು. ಹಣೆಗೆ ಅಂಗಾರ ಅಕ್ಷತೆ, ಕುಡಿಯಲು ಮನೆಯಿಂದ ತಂದ ತಾಮ್ರದ ತಂಬಿಗೆಯ ನೀರು, ಕೀಬೋರ್ಡಿನ ಮೇಲೆ ಒಂದೇ ಬೆರಳು. ಆ ಒಂದು ಬೆರಳಿನಲ್ಲಿ ಅವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಲು ನನ್ನ ಹತ್ತು ಬೆರಳಿಗೂ ಆಗುತ್ತಿರಲಿಲ್ಲ.

ಮಧ್ಯಾಹ್ನ ಎ.ಸಿ. ತಂಪಿಗೆ ಯಾರಾದರೂ ತೂಕಡಿಸಿದರೆ ಆಚಾರ್ಯರು ಮೇಜು ತಟ್ಟಿ ಎಬ್ಬಿಸುವ ಮಾತೊಂದಿತ್ತು: "ಏಳಪ್ಪಾ ಮಹಾರಾಯಾ, ಎಲಿ ಹಾಕ್ಯಾರ." ಊಟದ ಪಂಕ್ತಿಗೆ ಕರೆದ ಹಾಗೆ, 'ಮಹಾರಾಯಾ'ವನ್ನು ಎಳೆದು. ನಾನು ಅದನ್ನು ಅವರ ಬೆನ್ನ ಹಿಂದೆಯೂ ಅವರ ಮುಂದೆಯೂ ತೆಗೆಯುತ್ತಿದ್ದೆ. "ಲೇ ಮಂಗ್ಯಾ," ಅನ್ನುತ್ತಿದ್ದರು, "ನಾನು ಹೋದ ಮ್ಯಾಲ ನನ್ನ ಕುರ್ಚಿಗೆ ಬ್ಯಾರೆ ಮಂದಿ ಬೇಕಾಗಂಗಿಲ್ಲ. ನೀನೇ ಎರಡೂ ಕಡೆ ಕೂತು ಮಾತಾಡ್ಕೋ."

ಆ ಮಷೀನಿಗೆ ಆರು ಟರ್ಮಿನಲ್ಲುಗಳು. ಒಂದರಲ್ಲಿ ಹಾಜರಿ, ಒಂದರಲ್ಲಿ ಹತ್ತಿಯ ದಾಸ್ತಾನು, ಹೀಗೆ ಆರು ಮಂದಿ ಒಂದೇ ಮಷೀನನ್ನು ಹಂಚಿಕೊಂಡು ದುಡಿಸುತ್ತಿದ್ದರು. ಅವರಲ್ಲಿ ಯಾರಾದರೊಬ್ಬರು ಭಾರದ ಕೆಲಸ ಕೊಟ್ಟರೆ ಉಳಿದ ಐವರೂ ಪರದೆ ನೋಡುತ್ತಾ ಕೂರಬೇಕು. ಯಾರ ಕೆಲಸ ಮಷೀನನ್ನು ತಿನ್ನುತ್ತಿದೆ ಎಂದು ತಿಳಿಯುವ ಕಮಾಂಡ್ ಮಷೀನಿನಲ್ಲೇ ಇತ್ತು. ಆದರೆ ಅದು ಕೊಡುವ ಉತ್ತರ ಪರದೆ ತುಂಬಾ ಅಂಕಿ, ಸಂಕೇತ. ಮ್ಯಾನೇಜರ ಮೂಗಿಗೆ ಬೇಸತ್ತು ನಾನೇ ಒಂದು ಪ್ರೋಗ್ರಾಂ ಬರೆದೆ. ಹೆಸರು 'ಯಾರ್ಲೇ'. ಯಾರ್ಲೇ ಎಂದು ಟೈಪ್ ಮಾಡಿದರೆ ಯಾರು, ಏನು, ಎಷ್ಟು ಹೊತ್ತಿನಿಂದ ಓಡಿಸುತ್ತಿದ್ದಾರೆ ಎಂದು ಸಾಲಾಗಿ ಹೇಳುತ್ತಿತ್ತು. ಆಮೇಲೆ ಅದಕ್ಕೊಬ್ಬ ತಮ್ಮ ಹುಟ್ಟಿದ, 'ಸಾಕೇಳು'. ನಮ್ಮ ಮಂದಿ ಕೆಲಸ ಕೊಟ್ಟು ಅದು ಮುಗಿಯುವ ಮೊದಲೇ ಟರ್ಮಿನಲ್ ಆಫ್ ಮಾಡಿ ಮನೆಗೆ ಹೋಗುತ್ತಿದ್ದರು. ದಿಕ್ಕಿಲ್ಲದ ಆ ಕೆಲಸಗಳು ಒಳಗೇ ಸುತ್ತುತ್ತಾ ದಿನಗಟ್ಟಲೆ ಮಷೀನು ತಿನ್ನುತ್ತಿದ್ದವು. ಸಾಕೇಳು ಅಂಥವನ್ನು ಹುಡುಕಿ ನಿಲ್ಲಿಸುತ್ತಿತ್ತು. ಪ್ರತಿ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ತಾನೇ ಓಡುವ ಹಾಗೆ ಇಟ್ಟಿದ್ದೆ. ಯಾರ ಕೆಲಸ ನಿಲ್ಲಿಸಿತೋ ಅವರ ಪರದೆಯ ಮೇಲೆ ಟಿಣ್ ಎಂಬ ಸದ್ದು, ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು: ಏಳಪ್ಪಾ ಮಹಾರಾಯಾ, ಎಲಿ ಹಾಕ್ಯಾರ.

ಮೊದಲ ಸಲ ಅದನ್ನು ನೋಡಿ ಆಚಾರ್ಯರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. "ಅಯ್ಯಯ್ಯೋ, ಈ ಮಂಗ್ಯಾ ನನ್ನನ್ನ ಮಷೀನಿನಾಗ ತುಂಬ್ಯಾನಲ್ಲೋ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಈ ಎರಡು ಪ್ರೋಗ್ರಾಮುಗಳು ಊರೂರು ತಿರುಗಿದ್ದು ಮಷೀನು ರಿಪೇರಿಗೆ ಬರುತ್ತಿದ್ದ ಇಂಜಿನಿಯರ ಚೀಲದಲ್ಲಿ. ಇಂಥದೇ ಮಷೀನು ಇದ್ದ ಬಳ್ಳಾರಿ, ರಾಯಚೂರು, ಕರ್ನೂಲು, ಗುಂತಕಲ್ಲಿನ ಆಫೀಸುಗಳಿಗೆ ಅವರು ಫ್ಲಾಪಿಯಲ್ಲಿ ಒಯ್ದು ಕೊಟ್ಟರು. ಓಡುವ ಪ್ರೋಗ್ರಾಂ ಮಾತ್ರವಲ್ಲ, ನಾನು ಬರೆದ ಮೂಲ ಸಾಲುಗಳೂ ಜೊತೆಗೆ. ಎಲ್ಲಕ್ಕೂ ಮೇಲೆ ಹೀಗೆ ಬರೆದಿದ್ದೆ: ಯಾರು ಬೇಕಾದ್ರೂ ತಗೊಳ್ರಿ, ತಿದ್ರಿ, ತಿದ್ದಿದ್ದನ್ನ ನನಗೂ ಒಂದು ಕಳಸ್ರಿ. ಹತ್ತಿ ಮಾರ್ಕೆಟ್ಟಿನಲ್ಲಿ ದಲಾಲಿ ಮಾಡುವ ನಮ್ಮ ಸೋದರಮಾವನಿಗೆ ಇದು ಅರ್ಥವೇ ಆಗಲಿಲ್ಲ. ಅವನು ಹುಟ್ಟಿದಾಗಿನಿಂದ ದರ ಬೇರೆಯವರಿಗೆ ಕಾಣದ ಹಾಗೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡಿದವನು. "ಟವೆಲ್ ತಗದು ಎಲ್ಲಾರಿಗೂ ಬೆರಳು ತೋರಿಸಾಕತ್ತೀಯಲ್ಲೋ, ತಲಿ ಸರಿ ಐತೇನು?" ಎಂದ. "ತಲಿ ಐತಿ ಮಾವಾ, ಟವೆಲ್ ಇಲ್ಲ," ಎಂದೆ.

ತೆಗೆದುಕೊಂಡವರು ಕಾಗದ ಬರೆಯುತ್ತಿದ್ದರು. ರಾಯಚೂರಿನವರೊಬ್ಬರು ಹೊಗಳಿ ಬರೆದರು, ಕರ್ನೂಲಿನವರು ಹೆಸರು ಬದಲಿಸಿ ಎಂದರು. ಬಳ್ಳಾರಿಯಿಂದ ಒಂದು ಇನ್‌ಲ್ಯಾಂಡ್ ಲೆಟರ್ ಬಂತು. "ಮಾನ್ಯರೇ, ತಮ್ಮ ಸಾಕೇಳು ಎಂಬ ಪ್ರೋಗ್ರಾಂ, ಮರೆತು ಬಿಟ್ಟುಹೋದ ಕೆಲಸವನ್ನೂ ಬೇಕೆಂದೇ ಹಿನ್ನೆಲೆಯಲ್ಲಿ ಓಡಲು ಬಿಟ್ಟ ಕೆಲಸವನ್ನೂ ಒಂದೇ ಎಂದು ತಿಳಿದು ಎರಡನ್ನೂ ನಿಲ್ಲಿಸುತ್ತದೆ ಎಂಬ ಸಂಗತಿಯನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ. ನಮ್ಮಲ್ಲಿ ತಿಂಗಳ ಕೊನೆಯ ಕೆಲಸ ಎರಡು ಸಲ ಹೋಯಿತು. ದಯವಿಟ್ಟು ಗಮನಿಸಿ." ನಾನು ಎಷ್ಟು ಗಮನಿಸಿದೆನೆಂದರೆ, ಚಹಾ ಅಂಗಡಿಯ ಬೆಂಚಿನ ಮೇಲೆ ನಿಂತು, ಕಂಡಿರದ ಆ ಮನುಷ್ಯನಿಗೆ ಒಂದು ದನಿಯನ್ನೂ ಕಟ್ಟಿ, ಗಂಟಲು ಕೆರೆದುಕೊಂಡು "ಅವಗಾಹನೆಗೆ ತರಬಯಸುತ್ತೇನೆ" ಎಂದು ಮೂರು ಸಲ ಓದಿದೆ. ಎಲ್ಲರೂ ನಕ್ಕರು. ಕಾಗದ ಮೇಜಿನ ಡ್ರಾಯರಿಗೆ ಹೋಯಿತು.

ಆ ಚಳಿಗಾಲದಲ್ಲಿ ಒಂದು ದಿನ ಆಚಾರ್ಯರು ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

"ಒಂದು ಸ್ವಂತ ಕೆಲಸ ಅದನೋ. ಮ್ಯಾನೇಜರಿಗೆ ಹೇಳೇನಿ. ಗಿರಣಿ ಕೆಲಸಕ್ಕ ಅಡ್ಡಿ ಆಗದಂಗ ನಡಸ್ಕೋರಿ ಅಂದಾರ."

"ಹೇಳ್ರಿ ಆಚಾರ್ರೇ. ಏನು, ಜಾತಕ ನೋಡಾದಾ? ನನ್ನ ಮದುವಿ ಯಾವಾಗಂತ?"

"ನಿನ್ನ ಮದುವಿಗೆ ಮಷೀನ್ ಸಾಲಂಗಿಲ್ಲ, ಪವಾಡ ಬೇಕು," ಎಂದರು. ಆಮೇಲೆ ನಗು ಬಿಟ್ಟು ಹೇಳಿದರು.

ಅವರಿಗೆ ಹೊಳಗುಂದದಲ್ಲಿ ಒಬ್ಬ ಅಣ್ಣ. ಅಲ್ಲಿನ ಗುಡಿಯ ಪೂಜೆ ಅವರದು. ಇಬ್ಬರೂ ಪಂಚಾಂಗ ಬಲ್ಲವರು. ಏಕಾದಶಿಯ ಉಪವಾಸ ಮುಗಿಸಿ ಮರುದಿನ ದ್ವಾದಶಿಯ ಬೆಳಗ್ಗೆ ಇಬ್ಬರೂ ಅಣ್ಣನ ಮನೆಯಲ್ಲಿ ಒಟ್ಟಿಗೆ ಎಲೆಗೆ ಕೂರುವುದು ರೂಢಿ. ಬೆಳಗಿನ ಜಾವಕ್ಕೆ ದಶಮಿ ಒಂದು ಚೂರಾದರೂ ಉಳಿದಿದ್ದರೆ ಆ ದಿನ ಉಪವಾಸ ಸಲ್ಲದು, ಮರುದಿನ ಮಾಡಬೇಕು. ಹನ್ನೊಂದು ವರ್ಷದ ಹಿಂದೆ ಅಂಥ ಒಂದು ಚೂರಿನ ವಿಷಯದಲ್ಲಿ ಇಬ್ಬರ ಲೆಕ್ಕ ಬೇರೆಯಾಯಿತು. ಕಲಿಯುಗದ ಆರಂಭದಿಂದ ಇಂದಿನವರೆಗಿನ ದಿನಗಳನ್ನು ಕೈಲೆಕ್ಕದಲ್ಲಿ ಒಂದೇ ಗುಣಾಕಾರದಲ್ಲಿ ಜಿಗಿಯುತ್ತಾರೆ, ಜಿಗಿಯುವಾಗ ಚೂರುಪಾರು ಬಿಟ್ಟುಹೋಗುತ್ತದೆ. ಆ ಚೂರನ್ನು ತುಂಬಲು ಅಪ್ಪ ಕೊನೆಗಾಲದಲ್ಲಿ ನನಗೊಂದು ತಿದ್ದುಪಡಿ ಹೇಳಿದ್ದಾರೆ ಎಂದರು ಅಣ್ಣ. ಅಪ್ಪ ಹಾಗೆ ಹೇಳೇ ಇಲ್ಲ ಎಂದರು ತಮ್ಮ. ಆ ಸಲ ಆಚಾರ್ಯರು ಉಪವಾಸ ಮುಗಿಸಿ ಹೊಳಗುಂದಕ್ಕೆ ಹೋದಾಗ ಅಣ್ಣ ಅಂದು ಉಪವಾಸದಲ್ಲಿದ್ದರು. ಎಲೆ ಒಂದೇ ಹಾಕಿದ್ದರು. ಆಚಾರ್ಯರು ಆ ಎಲೆಯ ಮುಂದಿನಿಂದ ಎದ್ದು ಬಂದವರು ಮತ್ತೆ ಹೋಗಿರಲಿಲ್ಲ.

"ಚೂರಿನ ಮಾತಲ್ಲೋ ಇದು," ಎಂದರು. "ಅಪ್ಪ ಅವನಿಗಷ್ಟ ಹೇಳಿ ನನಗ್ಯಾಕ ಹೇಳಲಿಲ್ಲ ಅಂತ ನನ್ನ ಹೊಟ್ಟಿಯಾಗ ಕೂತದ. ಅದಕ್ಕ ಹೇಳೇ ಇಲ್ಲ ಅಂತ ಸಾಧಿಸಿದೆ. ಈಗ ಅಣ್ಣನ ಎದಿ ಸರಿ ಇಲ್ಲ. ಮುಂದಿನ ತಿಂಗಳು ಮತ್ತ ಅಂಥಾದೇ ಏಕಾದಶಿ ಬರ್ತದ. ಮಷೀನು ಜಿಗಿಯೂದು ಬ್ಯಾಡ. ಅದಕ್ಕ ಬ್ಯಾಸರ ಇಲ್ಲಲ್ಲ. ಕಲಿಯುಗದ ಮೊದಲನೇ ದಿನದಿಂದ ಒಂದೊಂದ ದಿನ, ಒಂದು ಚೂರೂ ಬಿಡದಂಗ ನಡಕೊಂತ ಬರ್ಲಿ. ಅದೇನು ಹೇಳ್ತದೋ ಇಬ್ಬರೂ ಒಪ್ಪಿಕೊಳ್ಳೋಣು."

ಹದಿನೆಂಟು ಲಕ್ಷ ಚಿಲ್ಲರೆ ದಿನಗಳು. ಗಿರಣಿಯ ಕೆಲಸಗಳಿಗೆ ದಾರಿ ಬಿಟ್ಟುಕೊಂಡು ಎಲ್ಲಕ್ಕಿಂತ ಹಿಂದೆ ನಡೆದರೆ ಒಂಬತ್ತು ದಿನ ಬೇಕೆಂದು ನಾನು ಅಂದಾಜು ಮಾಡಿದೆ. ಅಣ್ಣನನ್ನು ಕೇಳಲು ಒಂದು ಭಾನುವಾರ ಇಬ್ಬರೂ ಬಸ್ಸು ಹತ್ತಿದೆವು. "ನೀನೂ ಬಾ, ಮಷೀನಿನ ಕಡೆ ಸಾಕ್ಷಿ," ಎಂದರು. ಒಬ್ಬರೇ ಹೋಗಲು ಅವರಿಗೆ ಕಾಲು ಬರುತ್ತಿರಲಿಲ್ಲ ಅಷ್ಟೇ.

ಅಣ್ಣ ಜಗುಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಎರಡು ಮಾತಿಗೊಮ್ಮೆ ಉಸಿರು ನಿಂತು, ಮತ್ತೆ ಬರುತ್ತಿತ್ತು. ಹನ್ನೊಂದು ವರ್ಷದ ಮೇಲೆ ಬಂದ ತಮ್ಮನನ್ನು ನೋಡಿ ಅವರು ಕೇಳಿದ್ದು, "ಬಸ್ಸಿನಾಗ ಸೀಟು... ಸಿಕ್ಕಿತ್ತೇನು?"

"ಸಿಕ್ಕಿತ್ತು."

"ಈ ಹುಡುಗ ಯಾರು?"

"ಮಷೀನಿನ ಮನಷ್ಯಾ."

ಒಬ್ಬರನ್ನೊಬ್ಬರು ನೋಡುವ ಬದಲು ಇಬ್ಬರೂ ನನ್ನನ್ನೇ ನೋಡುತ್ತಾ ಕೂತರು. ಆಮೇಲೆ ಆಚಾರ್ಯರು ವಿಷಯ ಹೇಳಿದರು. ಅಣ್ಣ ಕಣ್ಣು ಮುಚ್ಚಿ ಕೇಳಿ, "ಆಗಲಿ. ಮಷೀನಿಗೆ ಪಕ್ಷ ಇಲ್ಲ. ಆದ್ರ ನಡುವ... ಇಣುಕಬ್ಯಾಡ. ಮನಿ ಪದ್ಧತಿ ಬಿಡಬ್ಯಾಡ," ಎಂದರು. ಅವರ ಮನೆಯಲ್ಲಿ ಪಂಚಾಂಗದ ಲೆಕ್ಕವನ್ನು ಹಲಗೆಯ ಮೇಲೆ ಮಾಡಿ ಒರೆಸುತ್ತಾರೆ. ಪೂರ್ತಿ ಮುಗಿಯುವವರೆಗೆ ಕಾಗದಕ್ಕೆ ಏನೂ ಇಳಿಸುವುದಿಲ್ಲ. ಅರ್ಧ ಉತ್ತರ ಕಣ್ಣಿಗೆ ಬಿದ್ದರೆ ಮನಸ್ಸು ಬೇಕಾದ ಕಡೆ ವಾಲುತ್ತದೆ ಅಂತ.

ಹೊರಡುವಾಗ ಅಣ್ಣ ಕರೆದರು. "ಉತ್ತರ ಬಂದ ಮರುದಿನ ಬಾ. ಏಕಾದಶಿ ದಾಟಿದ ಮ್ಯಾಲ ಇಲ್ಲೇ ಇಬ್ಬರೂ... ಕೂಡೋಣು. ನೀನು ಮಲಗಿದ್ರ ನಾನೇ ಎಬ್ಬಸ್ತೀನಿ." ಆಮೇಲೆ ನನ್ನ ಕಡೆ ತಿರುಗಿ, "ಸಣ್ಣವನಿದ್ದಾಗ ದ್ವಾದಶಿ ದಿನ ಇಂವ ಏಳ್ತಿರಲೇ ಇಲ್ಲ. ಮೈ ಅಲುಗಿಸಿ ನಾನು ಎಬ್ಬಸ್ತಿದ್ದೆ. ಏಳಪ್ಪಾ ಮಹಾರಾಯಾ... ಎಲಿ ಹಾಕ್ಯಾರ."

ಬಸ್ಸಿನಲ್ಲಿ ನಾನು ಆಚಾರ್ಯರ ಮುಖ ನೋಡಲಿಲ್ಲ. ಎರಡು ವರ್ಷದಿಂದ ನಾನು ತೆಗೆಯುತ್ತಿದ್ದದ್ದು ಅವರ ದನಿಯಲ್ಲ. ಅವರೂ ತೆಗೆಯುತ್ತಿದ್ದವರೇ. ಮಾತು ಬಿಟ್ಟ ಅಣ್ಣನನ್ನು ಹನ್ನೊಂದು ವರ್ಷ ಗಿರಣಿಯ ಆಫೀಸಿನಲ್ಲಿ ಕೂತು ದಿನಾ ತೆಗೆದಿದ್ದರು.

ಮುಂದಿನ ಭಾನುವಾರ ಬೆಳಗ್ಗೆ ಸ್ನಾನ ಮಾಡಿ ಬಂದು ಆಚಾರ್ಯರು ಲೆಕ್ಕ ಶುರು ಮಾಡಿದರು. "ದಿನದ ಉತ್ತರ ದಿನಾ ಡಿಸ್ಕಿಗೆ ಬರಕೊಂತ ಹೋಗ್ಲಿ ಆಚಾರ್ರೇ, ನಡುವ ಏನಾರ ಆದ್ರ ಅಲ್ಲಿಂದ ಹಿಡಕೋಬಹುದು," ಎಂದು ನಾನು ಹೇಳಿದ್ದೆ. ಹಲಗೆಯ ಪದ್ಧತಿ ಹೇಳಿ ಬೇಡವೆಂದರು. ಎಲ್ಲವೂ ಮಷೀನಿನ ನೆನಪಿನಲ್ಲೇ ಇರಬೇಕು, ಕೊನೆಗೆ ಒಮ್ಮೆಲೇ ಪ್ರಿಂಟಾಗಬೇಕು. ಕರೆಂಟಿನ ಭಯ ಇರಲಿಲ್ಲ. ಗಿರಣಿಯ ಜನರೇಟರಿತ್ತು, ಬ್ಯಾಟರಿಗಳಿದ್ದವು. ಟರ್ಮಿನಲ್ ಒಂಬತ್ತು ದಿನ ಹಿಡಿದು ಕೂರಬಾರದಲ್ಲ, ಅದಕ್ಕೆ ಕೆಲಸವನ್ನು ಹಿನ್ನೆಲೆಗೆ ಬಿಡುವುದನ್ನು ನಾನೇ ಅವರಿಗೆ ಕಲಿಸಿದೆ. "ಹಿಂಗ ಬಿಟ್ರ ನೀವು ಟರ್ಮಿನಲ್ ಬಂದ್ ಮಾಡಿ ಮನಿಗೆ ಹೋದ್ರೂ ಅದರ ಪಾಡಿಗೆ ಅದು ಓಡತೈತಿ ನೋಡ್ರಿ." ಈ ಕೈಯಿಂದ ನಾನೇ ಟೈಪ್ ಮಾಡಿ ತೋರಿಸಿದೆ.

ಆ ವಾರದಂಥ ವಾರ ನನಗೆ ಮತ್ತೆ ಬಂದಿಲ್ಲ. ಆಚಾರ್ಯರು ಬೆಳಗ್ಗೆ ಬಂದು ಚಪ್ಪಲಿ ಬಿಡುತ್ತಲೇ "ಯಾರ್ಲೇ ಹಾಕಪ್ಪಾ," ಅನ್ನುತ್ತಿದ್ದರು. ಪಟ್ಟಿಯ ಕೊನೆಯಲ್ಲಿ ಅವರ ಕೆಲಸದ ಒಂದು ಸಾಲು. ಅದು ಎಷ್ಟು ದೂರ ಬಂದಿದೆ ಎಂದು ಹೇಳುತ್ತಿರಲಿಲ್ಲ, ಬದುಕಿದೆ ಎಂದು ಮಾತ್ರ ಹೇಳುತ್ತಿತ್ತು. ನಾವಿಬ್ಬರೂ ಬಾಯಿಲೆಕ್ಕದಲ್ಲಿ ಅಂದಾಜು ಹಾಕುತ್ತಿದ್ದೆವು. ಸೋಮವಾರ: "ಮಹಾಭಾರತ ಈಗಷ್ಟ ಮುಗದದ, ಮಂದಿ ಇನ್ನಾ ಅಳ್ಳಿಕತ್ತಾರ." ಶುಕ್ರವಾರ: "ಮೌರ್ಯರು ಹೋದ್ರು." ನಾನು ಒಂದೊಂದು ರಾಜವಂಶಕ್ಕೂ ಒಂದೊಂದು ದನಿ ತೆಗೆದೆ. ಮೌರ್ಯರಿಗೆ ಮ್ಯಾನೇಜರ ಮೂಗು ಕೊಟ್ಟಿದ್ದೆ.

ಶನಿವಾರ ಮಧ್ಯಾಹ್ನ. ಆಚಾರ್ಯರು ಊಟ ಮುಗಿಸಿ ಬಂದು ತಮ್ಮ ಟರ್ಮಿನಲ್ಲಿಗೆ ಕೂತಿದ್ದರು. "ಕದಂಬರು ಬಂದಿರಬೇಕಲ್ಲೋ," ಎಂದರು. "ನಮ್ಮ ಕಡಿಯವರು ಬಂದ್ರು ನೋಡು." ನಾನು ಪ್ರಿಂಟರಿಗೆ ಕಾಗದ ಏರಿಸುತ್ತಿದ್ದೆ. ಅವರ ಟರ್ಮಿನಲ್ಲಿನಿಂದ ಟಿಣ್ ಎಂದಿತು.

ಆಚಾರ್ಯರು ನಕ್ಕರು. "ಏ ಮಂಗ್ಯಾ! ನೋಡಿಲ್ಲೆ. ನನ್ನ ಮಾತು ನನಗs ಹೇಳ್ತದ. ನಾನೇನು ತೂಕಡಿಸ್ಲಿಕತ್ತಿಲ್ಲಲ್ಲೋ!"

ಕಾಗದದ ಕಟ್ಟು ಬಿಟ್ಟು ತಲೆ ಎತ್ತಿದೆ. ಗೋಡೆಯ ಗಡಿಯಾರದಲ್ಲಿ ಎರಡು ಗಂಟೆ. ಓಡಿ ಹೋಗಿ ನನ್ನ ಟರ್ಮಿನಲ್ಲಿನಲ್ಲಿ ಯಾರ್ಲೇ ಹಾಕಿದೆ. ಹಾಜರಿ ಇತ್ತು, ದಾಸ್ತಾನು ಇತ್ತು. ಕೊನೆಯ ಸಾಲು ಇರಲಿಲ್ಲ. ಮತ್ತೆ ಹಾಕಿದೆ. ನಾನೇ ಬರೆದ ಪ್ರೋಗ್ರಾಂ ಸುಳ್ಳು ಹೇಳಲಿ ಎಂದು ಉರುಕುಂದದ ಈರಣ್ಣನಿಗೆ ಹರಕೆ ಹೊತ್ತು ಮೂರನೆಯ ಸಲ ಹಾಕಿದೆ.

"ಏನಾತೋ?" ಆಚಾರ್ಯರು ಇನ್ನೂ ನಗುಮುಖದಲ್ಲೇ ಇದ್ದರು.

"ಆಚಾರ್ರೇ, ಸಾಕೇಳು... ನಿಮ್ಮದನ್ನ..."

ಅವರು ಎದ್ದು ಬಂದು ನನ್ನ ಹೆಗಲ ಮೇಲಿಂದ ಪರದೆ ನೋಡಿದರು. ಒಂದು ಸಾಲು, ಇನ್ನೊಂದು ಸಾಲು, ಬೆರಳಿಟ್ಟು ಕೆಳಗಿನವರೆಗೆ. ಕೊನೆಗೆ ಖಾಲಿ ಗಾಜಿನ ಮೇಲೆ ಬೆರಳು ನಿಂತಿತು.

ಬೈಯಲಿಲ್ಲ. ನಾನು ಅದಕ್ಕೆ ಕಾದು ನಿಂತಿದ್ದೆ. "ಮರೆತು ಬಿಟ್ಟದ್ದು ಅಂತ ತಿಳೀತೇನು ಅದು?" ಎಂದು ಕೇಳಿದರು.

"ಹೌದ್ರಿ."

"ಹಂಗಲ್ಲ ಅಂತ ಅದಕ್ಕ ಹೇಳೂ ದಾರಿ ಇರಲಿಲ್ಲೇನು?"

ಬಳ್ಳಾರಿಯ ಕಾಗದವಿದ್ದ ಡ್ರಾಯರು ನನ್ನ ಮೊಣಕಾಲಿಗೆ ತಾಗುತ್ತಿತ್ತು. "ಇರಲಿಲ್ರಿ," ಎಂದೆ. ಮೇಕೆಮರಿಯ ದನಿಯಲ್ಲಿ. ಅದು ಅಣಕವಾಗಿರಲಿಲ್ಲ.

ಅವರು ತಂಬಿಗೆಯ ನೀರು ಕುಡಿದು ಮತ್ತೆ ಮೊದಲಿನಿಂದ ಶುರು ಮಾಡಿದರು. ನಾನು ಕೈ ಮುಗಿದೆ: "ಜಿಗಿಸಿಬಿಡೋಣ್ರಿ ಆಚಾರ್ರೇ. ಸಾವಿರ ಸಾವಿರ ದಿನ ಒಮ್ಮಿಗೇ. ಸಂಜೀಕ ಉತ್ತರ ಸಿಗತೈತಿ. ಯಾರಿಗೂ ಗೊತ್ತಾಗಂಗಿಲ್ಲ." ಅವರು ತಲೆ ಅಲ್ಲಾಡಿಸಿದರು. "ಅಣ್ಣ ಒಪ್ಪಿದ್ದು ನಡಕೊಂತ ಬರೂ ಲೆಕ್ಕಕ್ಕ."

ಸೋಮವಾರ ನಾನು ಅವರಿಗೆ ಹೇಳದೆ ಆ ಕೆಲಸವನ್ನು ಎಲ್ಲಕ್ಕಿಂತ ಮುಂದಕ್ಕೆ ಹಾಕಿದೆ. ಅರ್ಧ ತಾಸಿನಲ್ಲಿ ಗಿರಣಿಯ ಆರೂ ಟರ್ಮಿನಲ್ಲು ಹೆಪ್ಪುಗಟ್ಟಿದವು. ಮ್ಯಾನೇಜರು ಬಂದು "ಏಮಯ್ಯಾ" ಎಂದರು. ಯಾರ್ಲೇ ಹಾಕಿ ನೋಡಿದ ಆಚಾರ್ಯರಿಗೆ ತಿಳಿಯಿತು. ಅವರೇ ತಮ್ಮ ಕೆಲಸವನ್ನು ಮತ್ತೆ ಸಾಲಿನ ಕೊನೆಗೆ ಇಳಿಸಿ, "ಉಂಡ ಮನಿ ಕೆಲಸ ಮೊದಲು," ಎಂದಷ್ಟೇ ಹೇಳಿದರು.

ಮೊದಲಿನದು ಮಂಗಳವಾರ ಬೆಳಗ್ಗೆ ಮುಗಿಯಬೇಕಿತ್ತು. ಬುಧವಾರ ನಾವು ಹೊಳಗುಂದದಲ್ಲಿರಬೇಕಿತ್ತು. ಗುರುವಾರ ಬೆಳಗ್ಗೆ ಗೇಟಿನ ಸಾಬರು ಒಬ್ಬ ಮನುಷ್ಯನನ್ನು ಕರೆದುಕೊಂಡು ಒಳಗೆ ಬಂದರು. ಹೊಳಗುಂದದಿಂದ ಬಂದವನು. ಅವನು ಚಪ್ಪಲಿ ಹೊರಗೆ ಬಿಟ್ಟು, ಬಾಗಿಲ ಪಕ್ಕ ನಿಂತ. ಆಚಾರ್ಯರು ಅವನ ಮುಖ ನೋಡಿ, ಆಮೇಲೆ ತಮ್ಮ ಟರ್ಮಿನಲ್ಲಿನ ಕಡೆ ನೋಡಿದರು. ಒಳಗೆ ಲೆಕ್ಕ ಇನ್ನೂ ಮೌರ್ಯರಿಗೂ ಹಿಂದೆ ಎಲ್ಲೋ ನಡೆಯುತ್ತಿತ್ತು.

"ಯಾವಾಗ?" ಎಂದರು.

"ಬೆಳಗಿನ ಜಾವ್ರಿ. ನಿನ್ನಿ ಇಡೀ ದಿನ ಬಾಗಲಾ ನೋಡಿದ್ರು. ತಮ್ಮ ಬರ್ತಾನ, ಮಷೀನು ಹೇಳಿರ್ತೈತಿ ಅಂತ."

ಆಚಾರ್ಯರು ತಂಬಿಗೆಯಲ್ಲಿದ್ದ ನೀರನ್ನು ಹೊರಗೆ ಗಿಡಕ್ಕೆ ಚೆಲ್ಲಿ, ತಂಬಿಗೆ ಬೋರಲು ಹಾಕಿ, ಅವನ ಜೊತೆ ಹೋದರು. ನನ್ನ ಕಡೆ ನೋಡಲಿಲ್ಲ ಎಂದು ಬರೆಯಬೇಕೆಂದಿದ್ದೆ. ನೋಡಿದರು. ಬಾಗಿಲಲ್ಲಿ ನಿಂತು, "ಅದನ್ನ ನಿಲ್ಲಸಬ್ಯಾಡ. ನಡೀಲಿ," ಎಂದರು.

ಮತ್ತೊಂದು ಶನಿವಾರ ಬರುವ ಮೊದಲೇ ನಾನು ಡ್ರಾಯರಿನಿಂದ ಬಳ್ಳಾರಿಯ ಕಾಗದ ತೆಗೆದೆ. ಅವರು ಹೇಳಿದ್ದ ತಪ್ಪು ತಿದ್ದಲು ಹಿಡಿದದ್ದು ಹನ್ನೊಂದು ಸಾಲು, ಒಂದು ಮಧ್ಯಾಹ್ನ. ಹಿನ್ನೆಲೆಗೆ ಬಿಟ್ಟ ಕೆಲಸ ಕಂಡರೆ ಸಾಕೇಳು ಈಗ ಮುಟ್ಟುವುದಿಲ್ಲ, ಇದು ಬೇಕಾ ಎಂದು ಒಡೆಯನನ್ನು ಕೇಳಿ ಉತ್ತರಕ್ಕೆ ಕಾಯುತ್ತದೆ. ಎಲೆ ಹಾಕಿದ ಆ ಮಾತನ್ನು ತೆಗೆದುಹಾಕಿದೆ. ಪ್ರೋಗ್ರಾಂ ಇದ್ದ ಎಲ್ಲ ಊರಿಗೂ ಫ್ಲಾಪಿ ಕಳಿಸಿ, ಹಳೆಯದನ್ನು ಅಳಿಸಿರಿ ಎಂದು ಒಂದೊಂದಕ್ಕೂ ಬೇರೆ ಬೇರೆ ಕಾಗದ ಬರೆದೆ. ಬಳ್ಳಾರಿಯವರ ಉತ್ತರ ಬಂತು: "ಮಾನ್ಯರೇ, ಈಗ ಸರಿಯಾಗಿದೆ. ತಡವಾದರೂ ಚಿಂತೆಯಿಲ್ಲ. ಆದರೆ ಆ ಎಲೆ ಹಾಕಿದ ಮಾತನ್ನು ಏಕೆ ತೆಗೆದಿರಿ? ನಮ್ಮ ಆಫೀಸಿನಲ್ಲಿ ಎಲ್ಲರೂ ಅದನ್ನು ಮೆಚ್ಚಿದ್ದರು." ಅದನ್ನು ನಾನು ಚಹಾ ಅಂಗಡಿಯಲ್ಲಿ ಓದಲಿಲ್ಲ.

ಲೆಕ್ಕ ಸೋಮವಾರ ಮಧ್ಯಾಹ್ನ ಮುಗಿದು ತಾನೇ ಪ್ರಿಂಟಾಯಿತು. ಆಚಾರ್ಯರು ಹೊಳಗುಂದದಲ್ಲಿದ್ದರು. ಪ್ರಿಂಟರಿನ ಪಕ್ಕ ನಾನೊಬ್ಬನೇ. ನೋಡದೆ ಇರುವ ಜಾತಿಯವನು ನಾನಲ್ಲ, ನೋಡಿದೆ. ಅಣ್ಣ ಹೇಳಿದ ತಿದ್ದುಪಡಿ ಸರಿಯೋ ತಪ್ಪೋ ಎಂಬುದು ಆ ಹಾಳೆಯಲ್ಲಿತ್ತು. ಮಡಚಿ ಲಕೋಟೆಯಲ್ಲಿಟ್ಟು ಅಂಟಿಸಿದೆ.

ಹದಿಮೂರು ದಿನ ಕಳೆದು ಆಚಾರ್ಯರು ಬಂದಾಗ ತಲೆ ಬೋಳಿಸಿದ್ದರು. ನಾನು ಲಕೋಟೆ ಕೊಟ್ಟೆ. ಕೊಟ್ಟ ಕೈಯಲ್ಲೇ ಬಳ್ಳಾರಿಯ ಮೊದಲ ಕಾಗದವನ್ನೂ ಕೊಟ್ಟೆ. "ಅವತ್ತು ಸುಳ್ಳು ಹೇಳಿದೆ ಆಚಾರ್ರೇ. ಹೇಳೂ ದಾರಿ ಇತ್ತು. ಇವರು ಮೊದಲs ಬರದಿದ್ರು." ಅವರು ಕಾಗದವನ್ನು ನಿಧಾನವಾಗಿ ಓದಿದರು. ಮಡಚಿ ನನಗೆ ವಾಪಸ್ಸು ಕೊಟ್ಟು, "ಛಲೋ ಬರದಾನ," ಎಂದರು. ಲಕೋಟೆ ಒಡೆಯಲಿಲ್ಲ. "ಅಣ್ಣ ನೋಡಲಿಲ್ಲ. ನಾನೊಬ್ಬನs ಹೆಂಗ ನೋಡ್ಲಿ?" ಎಂದು ಅದನ್ನು ಚೀಲಕ್ಕೆ ಸೇರಿಸಿದರು. ಬಾಯಲ್ಲಿ ಏನೂ ನಿಲ್ಲದ ನನಗೆ ಆ ಹಾಳೆಯ ಉತ್ತರವೊಂದು ನಿಂತಿದೆ. ಅವರಿಗೆ ಹೇಳಿಲ್ಲ, ಇಲ್ಲೂ ಬರೆಯುವುದಿಲ್ಲ.

ಮುಂದಿನ ವಾರ ಆ ಏಕಾದಶಿ ಬಂತು. ಆಚಾರ್ಯರು ತಮ್ಮ ಲೆಕ್ಕದ ದಿನ ಉಪವಾಸ ಮಾಡಿದರು. ಮರುದಿನ ಊಟದ ಹೊತ್ತಿಗೆ ಎಲ್ಲರೂ ಬುತ್ತಿ ಬಿಚ್ಚಿದಾಗ ಅವರು ತಮ್ಮ ಕುರ್ಚಿಯಲ್ಲೇ ಕೂತಿದ್ದರು. ತಂಬಿಗೆ ಬೋರಲಿತ್ತು.

"ಊಟ ಇಲ್ಲೇನ್ರಿ ಆಚಾರ್ರೇ? ನಿಮ್ಮ ಉಪವಾಸ ನಿನ್ನಿ ಮುಗೀತಲ್ಲ."

"ನಂದು ಮುಗೀತು. ಇವತ್ತು ಅವಂದು."

ನಾನೂ ಬುತ್ತಿ ಮುಚ್ಚಿದೆ. ಕೋಣೆ ಖಾಲಿಯಾಯಿತು. ಮಷೀನಿನ ಫ್ಯಾನಿನ ಸದ್ದು ಮಾತ್ರ ಇತ್ತು. ಎರಡು ದಿನ ಉಂಡಿಲ್ಲದ ಅವರ ದನಿ ತೀರಾ ಮೆತ್ತಗಾಗಿತ್ತು.

"ಮಂಗ್ಯಾ, ಅಣ್ಣನ್ನ ಒಮ್ಮೆ ಕೇಳೀದಿ ಅಲ್ಲಾ? ಅಂವ ಎಬ್ಬಸ್ತಿದ್ದನಲ್ಲ, ಅದನ್ನ ತಗಿ ನೋಡೋಣು."

ಯಾರು ಕೇಳಿದರೂ, ಯಾರೂ ಕೇಳದಿದ್ದರೂ ತೆಗೆದವನು ನಾನು. ಅಂದು ಮುಚ್ಚಿದ ಬುತ್ತಿಯನ್ನೇ ಮತ್ತೆ ಗಟ್ಟಿಯಾಗಿ ಮುಚ್ಚಿದೆ. ಅವರು ಕಾದರು. ಕೊನೆಗೆ ಹೇಗೋ ತೆಗೆದೆ. "ಏಳಪ್ಪಾ ಮಹಾರಾಯಾ, ಎಲಿ ಹಾಕ್ಯಾರ."

ಆಚಾರ್ಯರು ಕಣ್ಣು ಮುಚ್ಚಿ ಕೇಳಿ ತಲೆ ಅಲ್ಲಾಡಿಸಿದರು. "ಇದು ನಂದು. ಅವಂದಲ್ಲ. ನಡುವ ಉಸಿರು ನಿಲ್ತಿತ್ತು ನೋಡು. ಮಹಾರಾಯಾ ಅಂದ ಮ್ಯಾಲ."

ಯಾರಾದರೂ ತಪ್ಪು ತೋರಿಸಿದ ಕೂಡಲೇ ತಿದ್ದಿದ್ದು ನಾನು ಅದೊಂದೇ ಸಲ. ಹೊಳಗುಂದದ ಜಗುಲಿಯನ್ನು, ಗೋಡೆಗೆ ಒರಗಿದ ಆ ಬೆನ್ನನ್ನು ನೆನೆದೆ. ಎದೆಯಲ್ಲಿದ್ದ ಗಾಳಿಯನ್ನೆಲ್ಲ ಬಿಟ್ಟು ಶುರು ಮಾಡಿದೆ.

"ಏಳಪ್ಪಾ ಮಹಾರಾಯಾ..." ಉಸಿರು ನಿಂತಿತು. ಅದು ಮತ್ತೆ ಬರುವವರೆಗೆ ನಾನೂ ಕಾದೆ. "ಎಲಿ ಹಾಕ್ಯಾರ."

ಆಚಾರ್ಯರು ಕಣ್ಣು ಬಿಡದೆ, ಹೆಗಲ ವಸ್ತ್ರ ಸರಿಮಾಡಿಕೊಂಡು, ಕುರ್ಚಿಯಿಂದ ಎದ್ದು ನಿಂತರು. ಹಾಗೇ ಒಂದು ಗಳಿಗೆ ನಿಂತಿದ್ದರು. ಆಮೇಲೆ, ಇವತ್ತು ಉಪವಾಸವೆಂದು ನೆನಪಾದವರಂತೆ, ಮೆಲ್ಲಗೆ ಮತ್ತೆ ಕೂತರು.